ಮಗ್ಗಲ ಮನೆಯ ಕೀಲಿಕೈ

ಕಳೆದ ಜುಲೈ ಕೊನೆಯ ವಾರದ ಮಾತು. ಪುಣೆಯಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ ಎಂಬುದು ಇಲ್ಲಿರುವ ನಿಮಗೆಲ್ಲ ಗೊತ್ತೇ ಇದೆ. ನಮ್ಮ ವಿದ್ಯಾಪೀಠದ ಐಟಿ ಸೆಲ್‌ನ ಕಿಟಕಿಯ ಮುಂದೆ ಒದ್ದೆ ಕೊಡೆಗಳ ಸಾಲು ನಿಂತಿತ್ತು. ಹೊಸದಾಗಿ ಪ್ರವೇಶ ಪಡೆದ ಮಕ್ಕಳು. ಲಾತೂರಿನವರು, ನಂದುರ್ಬಾರದವರು, ಸೋಲಾಪುರದವರು. ಹತ್ತರಲ್ಲಿ ಆರು ಮಂದಿಯದು ಒಂದೇ ಮಾತು: "ಮ್ಯಾಡಮ್, ಪಾಸ್‌ವರ್ಡ್ ವಿಸರಲೋ." ಮರೆತೆ ಅನ್ನುವುದನ್ನು ಮರಾಠಿಯಲ್ಲಿ ನಾನು ಕಲಿತದ್ದೇ ಆ ಕಿಟಕಿಯಲ್ಲಿ.

ಸಾಲಿನಲ್ಲಿ ಒಬ್ಬ ಹುಡುಗ ಏನೂ ಹೇಳದೆ ಅರ್ಜಿಯನ್ನಷ್ಟೇ ಮುಂದೆ ತಳ್ಳಿದ. ಜೊತೆಗಿದ್ದ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕನ್ನಡದ್ದು. ನಾನು ಕನ್ನಡದಲ್ಲೇ, "ಯಾವೂರಪ್ಪಾ?" ಅಂದೆ. ಹುಡುಗನ ಮುಖ ಅರಳಿತು.

"ಸಿಂದಗಿ ಕಡೇರಿ, ಅಕ್ಕಾರ."

"ಪಾಸ್‌ವರ್ಡ್ ಮರ್ತಿಯೇನು?"

"ಮರ್ತಿಲ್ರಿ. ನನ್ನ ಹತ್ರ ಇಲ್ರಿ. ಊರಾಗ ಕಂಪ್ಯೂಟರ್ ಸೆಂಟರ್ ಅಣ್ಣನ ಹತ್ರ ಐತ್ರಿ. ಫಾರ್ಮ್ ತುಂಬಿದಾವ ಅವನರಿ. ಫೋನ್ ಹಚ್ಚಲೇನ್ರಿ?"

ನಾನು ಬೇಡ ಅನ್ನುವಷ್ಟರಲ್ಲಿ ಫೋನ್ ಹಚ್ಚಿಯೂ ಆಯಿತು, ಸ್ಪೀಕರ್ ಹಾಕಿಯೂ ಆಯಿತು. ಆ ಕಡೆಯಿಂದ ಪುಟ ತಿರುವುವ ಸಪ್ಪಳ. ಆಮೇಲೆ ಅಣ್ಣ ಹುಡುಗನ ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ಬಿಡಿಸಿ, ಗಟ್ಟಿಯಾಗಿ ಓದಿದ. ಸಾಲಿನಲ್ಲಿ ನಿಂತ ಮೂವತ್ತು ಮಂದಿ ಕೇಳಿಸಿಕೊಂಡರು. ಹಿಂದೆ ನಿಂತವನೊಬ್ಬ ನಕ್ಕ. ನನಗೆ ಮಾತ್ರ ನಗು ಬರಲಿಲ್ಲ. ಯಾಕೆಂದರೆ ಎರಡು ವರ್ಷದ ಹಿಂದೆ ಇದೇ ಕಿಟಕಿಯಲ್ಲಿ ನಡೆದದ್ದು ನೆನಪಿಗೆ ಬಂತು. ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಅದರಲ್ಲಿ ತಪ್ಪು ಮಾಡಿದವಳು ನಾನು.

ಅದಕ್ಕೆ ಮುಂಚೆ ಒಂದು ಮಾತು. ಅಣ್ಣನ ಪುಸ್ತಕದ ಬಗ್ಗೆ ಆ ಹುಡುಗನನ್ನು ಬೈಯುವುದು ಸುಲಭ. ಆದರೆ ನಾನು ಬೆಳೆದ ಗದುಗಿನ ಓಣಿಯಲ್ಲೂ ಹಾಗೇ ಇತ್ತು. ಅವ್ವ ಹೊಲಕ್ಕೋ ಸಂತೆಗೋ ಹೋಗುವಾಗ ಬಾಗಿಲಿಗೆ ಕೀಲಿ ಹಾಕಿ, ಕೀಲಿಕೈಯನ್ನು ಮಗ್ಗಲ ಮನೆಯ ಅಜ್ಜಿಯ ಕೈಯಲ್ಲಿ ಕೊಟ್ಟು ಹೋಗುತ್ತಿದ್ದಳು. ನಾವು ಸಾಲೆಯಿಂದ ಬಂದರೆ ಅಜ್ಜಿಯೇ ಬಂದು ತೆಗೆದು, ರೊಟ್ಟಿ ಎಲ್ಲಿದೆ ಎಂದು ತೋರಿಸುತ್ತಿದ್ದಳು. ಕೀಲಿಕೈಯನ್ನು ಅಜ್ಜಿಗೆ ಕೊಡದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿದ್ದರೆ ಎರಡು ಮನೆಗಳ ನಡುವೆ ಮಾತು ನಿಲ್ಲುತ್ತಿತ್ತು. ಕೀಲಿಕೈ ಹಂಚಿಕೊಳ್ಳುವುದು ನಮ್ಮಲ್ಲಿ ನಂಬಿಕೆಯ ಗುರುತು. ಇಂಥ ಮನೆಗಳಿಂದ ಬಂದ ಮಗುವಿನ ಕೈಗೆ ನಾವು ಒಂದು ಖಾತೆ ಕೊಟ್ಟು, "ಇದನ್ನು ಯಾರಿಗೂ ಕೊಡಬೇಡ, ಗೆಳತಿಗೂ ಕೊಡಬೇಡ" ಅನ್ನುತ್ತೇವೆ. ಅದು ಆ ಮಗುವಿಗೆ ತಲೆಗೆ ಹೋದರೂ ಮನಸ್ಸಿಗೆ ಹೋಗುವುದಿಲ್ಲ.

ಆ ಖಾತೆಯಾದರೂ ಸಣ್ಣದಲ್ಲ. ನಾನು ಧಾರವಾಡದಲ್ಲಿ ಎಂಸಿಎ ಓದುವಾಗ ಲ್ಯಾಬಿನ ಲಾಗಿನ್ ಅಂದರೆ ಪ್ರೋಗ್ರಾಂ ಬರೆಯಲಿಕ್ಕೆ ಮಾತ್ರ. ಅದು ಕಳುವಾದರೆ ಹೋಗುವುದು ಒಂದು ಅಸೈನ್‌ಮೆಂಟು. ಇವತ್ತು ವಿದ್ಯಾರ್ಥಿಯ ಒಂದು ಐಡಿಯಿಂದ ಮೇಲ್ ತೆರೆಯುತ್ತದೆ, ಹಾಸ್ಟೆಲ್ ವೈಫೈ ತೆರೆಯುತ್ತದೆ, ಪರೀಕ್ಷೆಯ ಅರ್ಜಿ, ಶುಲ್ಕದ ರಸೀದಿ, ಗ್ರಂಥಾಲಯ ದುಡ್ಡು ಕೊಟ್ಟು ತರಿಸುವ ಜರ್ನಲ್‌ಗಳು, ಪ್ಲೇಸ್‌ಮೆಂಟ್ ಪೋರ್ಟಲ್, ಎಲ್ಲವೂ ತೆರೆಯುತ್ತವೆ. ಕಳ್ಳನಿಗೆ ಇನ್ನೂ ಒಂದು ಲಾಭವಿದೆ. ವಿದ್ಯಾಪೀಠದ ವಿಳಾಸದಿಂದ ಬಂದ ಮೇಲನ್ನು ಬೇರೆ ಮಕ್ಕಳು, ಪ್ರಾಧ್ಯಾಪಕರು ಅನುಮಾನಿಸದೆ ತೆರೆಯುತ್ತಾರೆ. ಒಂದು ಮನೆಗೆ ನುಗ್ಗಿದವನು ಆ ಮನೆಯವರ ದನಿಯಲ್ಲೇ ಮಗ್ಗಲ ಮನೆಯ ಬಾಗಿಲು ಬಡಿದ ಹಾಗೆ.

ಪಾಸ್‌ವರ್ಡಿನ ಕಥೆ ಶುರುವಾದದ್ದೂ ಒಂದು ವಿಶ್ವವಿದ್ಯಾಲಯದಲ್ಲೇ. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1960ರ ದಶಕದ ಆರಂಭದಲ್ಲಿ ಸಿಟಿಎಸ್‌ಎಸ್ ಎಂಬ ವ್ಯವಸ್ಥೆ ಕಟ್ಟಿದರು. ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸಬೇಕಿತ್ತು. ಒಬ್ಬರ ಕಡತಕ್ಕೆ ಇನ್ನೊಬ್ಬರು ಕೈ ಹಾಕಬಾರದೆಂದು ಪಾಸ್‌ವರ್ಡ್ ಇಟ್ಟರು. 1962ರಲ್ಲೇ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ ತನಗೆ ಕೊಟ್ಟ ಕಂಪ್ಯೂಟರ್ ಸಮಯ ಸಾಲದೆ, ಪಾಸ್‌ವರ್ಡ್ ಪಟ್ಟಿಯ ಕಡತವನ್ನೇ ಮುದ್ರಿಸಿಕೊಂಡುಬಿಟ್ಟ. 1966ರಲ್ಲಿ ಇನ್ನೊಂದು ಎಡವಟ್ಟು. ಎರಡು ಕಡತಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಆ ದಿನದ ಸೂಚನೆಯ ಬದಲು ಎಲ್ಲರ ಪಾಸ್‌ವರ್ಡ್‌ಗಳೇ ಕಾಣಿಸಿದವು. ಎರಡು ಸಲವೂ ತಪ್ಪು ಕೀಲಿಕೈ ಹಿಡಿದವರದ್ದಲ್ಲ, ಕೀಲಿ ಮಾಡಿದವರ ಕಡೆಯದು ಎಂಬುದನ್ನು ಗಮನಿಸಿ.

ಆಮೇಲೆ ನಮ್ಮ ಕಸುಬಿನವರು ಬುದ್ಧಿ ಕಲಿತರು. ಬೆಲ್ ಲ್ಯಾಬ್ಸ್‌ನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಬರೆದ ಪ್ರಬಂಧದಲ್ಲಿ ವಿವರಿಸಿದ ಉಪಾಯವನ್ನು ಇಂದಿಗೂ ಬಳಸುತ್ತೇವೆ. ಪಾಸ್‌ವರ್ಡನ್ನು ಇದ್ದ ಹಾಗೇ ಇಡುವುದಿಲ್ಲ, ಅರೆದು ಇಡುತ್ತೇವೆ. ಜೋಳ ಬೀಸಿದರೆ ಹಿಟ್ಟು ಬರುತ್ತದೆ, ಹಿಟ್ಟಿನಿಂದ ಜೋಳ ಬರುವುದಿಲ್ಲ. ನೀವು ಲಾಗಿನ್ ಆಗುವಾಗ ಕೊಟ್ಟದ್ದನ್ನು ಮತ್ತೆ ಬೀಸಿ, ಆ ಹಿಟ್ಟೂ ಡಬ್ಬಿಯ ಹಿಟ್ಟೂ ಒಂದೇನಾ ಎಂದು ನೋಡುತ್ತೇವೆ. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟಿದ್ದರೂ ಹಿಟ್ಟು ಬೇರೆಯಾಗಲೆಂದು ಒಬ್ಬೊಬ್ಬರಿಗೂ ಬೇರೆ ಬೇರೆ ಚಿಟಿಕೆ ಉಪ್ಪು ಬೆರೆಸುತ್ತೇವೆ. ತಮಾಷೆಗಲ್ಲ, ಇಂಗ್ಲಿಷಿನಲ್ಲೂ ಅದರ ಹೆಸರು ಉಪ್ಪು ಅಂತಲೇ. ಹಾಗಾಗಿ "ಮೇಡಂ, ನನ್ನ ಪಾಸ್‌ವರ್ಡ್ ಏನಿತ್ತು ಹೇಳ್ರಿ" ಅಂದರೆ ನಾನು ಹೇಳಲಾರೆ. ನನಗೆ ಕಾಣುವುದು ಹಿಟ್ಟು ಮಾತ್ರ. ನಿಮ್ಮ ಪಾಸ್‌ವರ್ಡ್ ಇದೇ ಎಂದು ಓದಿ ಹೇಳುವ ಕಚೇರಿ ಯಾವುದಾದರೂ ಇದ್ದರೆ ಅಲ್ಲಿ ಜಾಗ್ರತೆಯಾಗಿರಿ.

ಇಷ್ಟೆಲ್ಲ ಗೊತ್ತಿದ್ದ ನಾನು ಮಾಡಿದ್ದೇನು ಕೇಳಿ.

2022ರ ಆಗಸ್ಟ್. ಹೊಸ ತಂಡದ ನಾಲ್ಕು ಸಾವಿರ ಖಾತೆಗಳನ್ನು ಒಂದು ವಾರದಲ್ಲಿ ತೆರೆಯಬೇಕಿತ್ತು. ಆರಂಭದ ಪಾಸ್‌ವರ್ಡಿಗೆ ನಾನೇ ಒಂದು ಸೂತ್ರ ಹಾಕಿದ್ದೆ: ಹೆಸರಿನ ಮೊದಲ ನಾಲ್ಕು ಅಕ್ಷರ, ಅದರ ಮುಂದೆ ಹುಟ್ಟಿದ ತಾರೀಖು. ನೆನಪಿಡಲು ಸುಲಭ, ಫೋನಿನಲ್ಲಿ ಹೇಳಲೂ ಸುಲಭ. ಮೊದಲ ಸಲ ಒಳಬಂದ ಕೂಡಲೇ ಪಾಸ್‌ವರ್ಡ್ ಬದಲಿಸಲೇಬೇಕು ಎಂಬ ಒಂದು ಟಿಕ್ ಗುರುತು ಇರುತ್ತದೆ. ಅದನ್ನೂ ಹಾಕಿದ್ದೆ. ಮೊದಲ ದಿನವೇ ಕಿಟಕಿಯಲ್ಲಿ ಗದ್ದಲ. ಬದಲಿಸಿದ ಮಕ್ಕಳು ಸಂಜೆಯ ಹೊತ್ತಿಗೆ ಹೊಸದನ್ನು ಮರೆತು ಮತ್ತೆ ಸಾಲಿನಲ್ಲಿ ನಿಂತರು. ಸಾಲು ಮೆಟ್ಟಿಲು ಇಳಿದು ಅಂಗಳಕ್ಕೆ ಹೋಯಿತು. ಮೇಲಿನವರು ಫೋನ್ ಮಾಡಿ ಏನಿದು ಎಂದರು. ಎರಡನೆಯ ದಿನ ಮಧ್ಯಾಹ್ನ ನಾನು ಆ ಟಿಕ್ ತೆಗೆದುಬಿಟ್ಟೆ. ಆಮೇಲೆ, ಗಲಾಟೆ ತಣ್ಣಗಾದ ಮೇಲೆ ಮತ್ತೆ ಹಾಕಿದರಾಯಿತು ಅಂದುಕೊಂಡೆ. ಸಾಲು ಕರಗಿತು. ಗಣೇಶ ಚೌತಿ ಬಂತು. ಟಿಕ್ ಮರೆತುಹೋಯಿತು.

ಒಂದು ಲೆಕ್ಕ ಹೇಳುತ್ತೇನೆ. ಒಂದು ತರಗತಿಯ ಮಕ್ಕಳು ಹೆಚ್ಚೂ ಕಡಿಮೆ ನಾಲ್ಕು ವರ್ಷದ ಅಂತರದಲ್ಲಿ ಹುಟ್ಟಿದವರು ಅಂದುಕೊಳ್ಳಿ. ನಾಲ್ಕು ವರ್ಷಕ್ಕೆ 1,461 ದಿನ. ಹೆಸರು ಗೊತ್ತಿದ್ದರೆ ಆ ಮಗುವಿನ ಪಾಸ್‌ವರ್ಡ್ ಈ 1,461ರಲ್ಲಿ ಒಂದು. ಇನ್ನು ಒಂದೇ ಕೋಣೆಯಲ್ಲಿದ್ದು, ಹುಟ್ಟುಹಬ್ಬಕ್ಕೆ ಕೇಕ್ ತಂದು ಕತ್ತರಿಸಿದವರಿಗೆ ಅದೂ ಬೇಡ. ಒಂದೇ ಸಲಕ್ಕೆ ಬಾಗಿಲು ತೆರೆಯುತ್ತದೆ.

2024ರ ಜನವರಿಯಲ್ಲಿ ಒಬ್ಬ ಹುಡುಗಿ ಕಿಟಕಿಗೆ ಬಂದಳು. ಎಂಎಸ್ಸಿ ಎರಡನೆಯ ವರ್ಷ. ವಿಜಯಪುರ ಜಿಲ್ಲೆಯವಳು. ಸಾಲು ಖಾಲಿಯಾಗುವವರೆಗೆ ದೂರ ನಿಂತಿದ್ದು, ಕೊನೆಗೆ ಬಂದು, ಅಳುವನ್ನು ತಡೆದುಕೊಂಡು ಹೇಳಿದಳು. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಕಂಪನಿಯವರು ವಿದ್ಯಾಪೀಠದ ಮೇಲ್‌ಗೆ ಪತ್ರ ಕಳಿಸಿ, ಮೂರು ದಿನದಲ್ಲಿ ಒಪ್ಪಿಗೆ ತಿಳಿಸಿ ಅಂದಿದ್ದರು. ಅವಳು ಆ ಮೇಲ್ ನೋಡಲೇ ಇಲ್ಲ. ಗೆಳತಿಯರಿಗೆ ಮುಂದಿನ ಕಾಗದಗಳು ಬಂದಾಗ ಹುಡುಕಿದಳು. ಕಳಿಸಿದ ಮೇಲ್‌ಗಳ ಪೆಟ್ಟಿಗೆಯಲ್ಲಿ, ಅವಳು ಬರೆಯದ ಒಂದು ಸಾಲಿತ್ತು: ನನಗೆ ಈ ಕೆಲಸದಲ್ಲಿ ಆಸಕ್ತಿಯಿಲ್ಲ.

"ಯಾವಾಗ ನೋಡಿದಿ ಇದನ್ನ?" ಅಂತ ಕೇಳಿದೆ.

"ಒಂಬತ್ತ ದಿನಾ ಆತ್ರಿ."

"ಒಂಬತ್ತು ದಿನ ಏನ್ ಮಾಡಿದಿ? ಅವತ್ತೇ ಬರಬಾರದಾಗಿತ್ತೇ?"

"ಅಂಜಿಕಿ ಆತ್ರಿ. ನಿನ್ನ ತಪ್ಪು ಅಂತೀರಿ ಅಂತ. ಮನ್ಯಾಗ ಅಪ್ಪಗ ಗೊತ್ತಾದ್ರ ವಾಪಸ್ ಬಾ ಅಂತಾರ್ರಿ. ಎರಡ ವರ್ಷ ಅಂತ ಹೇಳಿ ಕಳಿಸ್ಯಾರ್ರಿ."

ನಾನು ಲಾಗ್ ತೆಗೆದೆ. ಯಾರು ಯಾವಾಗ ಎಲ್ಲಿಂದ ಒಳಬಂದರು ಎಂಬ ದಾಖಲೆಗಳನ್ನು 180 ದಿನ ಇಟ್ಟುಕೊಳ್ಳಬೇಕೆಂದು ಭಾರತ ಸರ್ಕಾರದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಕೊಟ್ಟಿದೆ. ಹಾಗಾಗಿ ಅದು ಇತ್ತು. ರಾತ್ರಿ ಹನ್ನೊಂದು ಮುಕ್ಕಾಲು, ಹಾಸ್ಟೆಲ್ಲಿನದೇ ವೈಫೈ, ಅವಳದಲ್ಲದ ಒಂದು ಫೋನು. ಅದರ ಹಿಂದೆ ಒಂದೂ ವಿಫಲ ಪ್ರಯತ್ನವಿಲ್ಲ. ಮೊದಲ ಸಲಕ್ಕೇ ಬಾಗಿಲು ತೆರೆದಿತ್ತು. ಕಸದ ಬುಟ್ಟಿಯಿಂದಲೂ ಅಳಿಸಿದ್ದ ಮೇಲ್ ಅನ್ನು ನಮ್ಮ ವ್ಯವಸ್ಥೆಯಲ್ಲಿ ಅಡ್ಮಿನ್ ಆದವರು 25 ದಿನದೊಳಗೆ ಮರಳಿ ತರಬಹುದು. ತಂದೆ. ಕಂಪನಿಯ ಪತ್ರ ಬಂದದ್ದು, ತೆರೆದದ್ದು, ಉತ್ತರ ಹೋದದ್ದು, ಅಳಿಸಿದ್ದು, ಎಲ್ಲ ಆರು ನಿಮಿಷದಲ್ಲಿ ಮುಗಿದಿತ್ತು.

"ಪಾಸ್‌ವರ್ಡ್ ಯಾವಾಗ ಬದಲಿಸಿದ್ದಿ?"

ಅವಳು ತಲೆ ತಗ್ಗಿಸಿದಳು. "ಬದಲ್ ಮಾಡಿಲ್ರಿ. ನೀವು ಕೊಟ್ಟದ್ದs ಇತ್ತ್ರಿ. ನಂದs ತಪ್ಪ್ರಿ ಮೇಡಂ. ನಾ ಮಾಡ್ಕೋಬೇಕಿತ್ತು."

ನೀವು ಕೊಟ್ಟದ್ದೇ ಇತ್ತು. ಆ ಮಾತು ಕೇಳಿದಾಗ ನನಗೆ ಆ ಟಿಕ್ ನೆನಪಾಯಿತು. ಆದರೆ ನಾನು ಬಾಯಿ ಬಿಡಲಿಲ್ಲ. ಅವಳು ತಪ್ಪು ನನ್ನದು ಅಂದಳು, ನಾನು ಹೌದು ಅನ್ನುವ ಹಾಗೆ ಸುಮ್ಮನಿದ್ದೆ. ಸಂಜೆ ವರದಿ ಬರೆಯುವಾಗ ಕಾರಣ ಎಂಬ ಕಡೆ ಮೂರು ಪದ ಟೈಪ್ ಮಾಡಿದೆ: ಆರಂಭಿಕ ಪಾಸ್‌ವರ್ಡ್ ಬದಲಿಸದಿರುವುದು. ಅದರ ಮುಂದೆ, ಬಳಕೆದಾರರ ನಿರ್ಲಕ್ಷ್ಯ. ನಮ್ಮ ಕಸುಬಿನಲ್ಲಿ ಈ ಮಾತನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಬರೆದರೆ ಕಡತ ಮುಚ್ಚುತ್ತದೆ.

ಆ ಎರಡು ಪದಕ್ಕೆ ಎಷ್ಟು ಭಾರವಿದೆ ಎಂಬುದು ಮರುದಿನ ಗೊತ್ತಾಗಬೇಕಿತ್ತು. ಪ್ಲೇಸ್‌ಮೆಂಟ್ ಸೆಲ್ಲಿನ ನಿಯಮ ನಿಮ್ಮಲ್ಲಿ ಹಲವರಿಗೆ ತಿಳಿದಿರಬಹುದು. ಸಿಕ್ಕ ಕೆಲಸವನ್ನು ಒಲ್ಲೆ ಅಂದವರನ್ನು ಆ ವರ್ಷ ಮತ್ತೆ ಯಾವ ಕಂಪನಿಯ ಮುಂದೆಯೂ ಕೂರಿಸುವುದಿಲ್ಲ. ತಪ್ಪು ಹುಡುಗಿಯದೇ ಎಂದು ನನ್ನ ವರದಿ ಹೇಳಿದರೆ ಆ ನಿಯಮ ಅವಳಿಗೂ ಅನ್ವಯ.

ಅದೇ ರಾತ್ರಿ ಗದುಗಿನಿಂದ ತಮ್ಮ ಫೋನ್ ಮಾಡಿದ. ಅವ್ವನ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ 9,500 ರೂಪಾಯಿ ಕಡಿಮೆಯಿದೆ, ಕೇಳಿದರೆ ಹೇಳುತ್ತಿಲ್ಲ, ನೀನು ಕೇಳು ಅಂದ. ಅವ್ವನಿಗೆ ಫೋನ್ ಕೊಟ್ಟ. ಮೊದಲು ಆರಾಮಿದ್ದೀರಾ, ಮಳೆ ಚಳಿ ಹೇಗೆ ಅಂದಳು. ಒತ್ತಾಯಿಸಿದ ಮೇಲೆ ಬಾಯಿಬಿಟ್ಟಳು. ಬ್ಯಾಂಕಿನಿಂದ ಅಂತ ಯಾರೋ ಫೋನ್ ಮಾಡಿದ್ದರು. ಕೆವೈಸಿ ಆಗಿಲ್ಲ, ಪಿಂಚಣಿ ನಿಲ್ಲುತ್ತದೆ ಅಂದರು. ಫೋನಿಗೆ ಬಂದ ಆರು ಅಂಕಿ ಕೇಳಿದರು. ಕೊಟ್ಟಳು. ಎಂದು? ಹನ್ನೊಂದು ದಿನದ ಹಿಂದೆ.

"ಅವ್ವಾ, ಅವತ್ತs ನನಗ ಯಾಕ ಹೇಳ್ಲಿಲ್ಲ? ಆಗs 1930ಕ್ಕ ಫೋನ್ ಮಾಡಿದ್ರ ರೊಕ್ಕ ಸಿಗೂ ಸಾಧ್ಯತಾ ಇತ್ತು."

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಸಣ್ಣ ದನಿಯಲ್ಲಿ ಅಂದಳು: "ನೀ ಬೈತಿ ಅಂತ ಹೇಳ್ಲಿಲ್ಲವಾ. ನೀ ಅದs ಕೆಲಸದಾಗ ಇರಾಕಿ. ಎಷ್ಟ ಸಲಾ ಹೇಳೀದಿ. ಆದ್ರೂ ಕೊಟ್ಟ್ಯಾ."

ಫೋನ್ ಇಟ್ಟ ಮೇಲೆ ಬಹಳ ಹೊತ್ತು ಹಾಗೇ ಕೂತೆ. ಒಂದು ಕಡೆ ಒಂಬತ್ತು ದಿನ, ಇನ್ನೊಂದು ಕಡೆ ಹನ್ನೊಂದು ದಿನ. ಎರಡು ಕಡೆಯೂ ಕಳ್ಳನಿಗೆ ಆ ದಿನಗಳನ್ನು ಕೊಟ್ಟದ್ದು ಅಜ್ಞಾನವಲ್ಲ, ಅಂಜಿಕೆ. ಆ ಅಂಜಿಕೆ ಕಳ್ಳನದ್ದಲ್ಲ, ನನ್ನದು. ಅವ್ವನಿಗೂ ಆ ಹುಡುಗಿಗೂ ನಾನು ಬೈಯುವವಳು. ಆನ್‌ಲೈನ್ ಕಳ್ಳತನದಲ್ಲಿ ಮೊದಲ ಒಂದೆರಡು ಗಂಟೆಗೆ ಇರುವ ಬೆಲೆ ಮುಂದಿನ ಹತ್ತು ದಿನಕ್ಕಿಲ್ಲ. ಬೇಗ ತಿಳಿದರೆ ದುಡ್ಡು ಹೋದ ಖಾತೆಯನ್ನು ತಡೆಹಿಡಿಯಬಹುದು, ಪಾಸ್‌ವರ್ಡ್ ಬದಲಿಸಿ ತೆರೆದಿರುವ ಲಾಗಿನ್‌ಗಳನ್ನೆಲ್ಲ ಹೊರದಬ್ಬಬಹುದು. ನಾವು ಬೈದು ಬೈದು ಆ ಗಂಟೆಗಳನ್ನೇ ಕಳೆದುಕೊಳ್ಳುತ್ತಿದ್ದೇವೆ.

ಮರುದಿನ ಬೆಳಿಗ್ಗೆ ಕಚೇರಿಗೆ ಹೋಗಿ ವರದಿಯನ್ನು ವಾಪಸ್ ತೆಗೆದುಕೊಂಡೆ. ಕಾರಣದ ಕಡೆ ಹೊಸದಾಗಿ ಬರೆದೆ: ಊಹಿಸಬಹುದಾದ ಪಾಸ್‌ವರ್ಡ್ ಸೂತ್ರವನ್ನು ವಿಭಾಗವೇ ಹಾಕಿತ್ತು, ಕಡ್ಡಾಯ ಬದಲಾವಣೆಯನ್ನು ವಿಭಾಗವೇ ತೆಗೆದಿತ್ತು, ವಿದ್ಯಾರ್ಥಿನಿಯ ತಪ್ಪಿಲ್ಲ. ಕೆಳಗೆ ನನ್ನ ಸಹಿ. ನಮ್ಮ ಮುಖ್ಯಸ್ಥರು ಎರಡು ಸಲ ಓದಿ, ಕನ್ನಡಕ ತೆಗೆದು, ಇದನ್ನು ಹೀಗೆಯೇ ಕಳಿಸಬೇಕಾ ಎಂದು ಮರಾಠಿಯಲ್ಲಿ ಕೇಳಿದರು. ಹೌದು ಸರ್ ಅಂದೆ. ಒಂದು ಮೆಮೊ ಬಂತು. ಆ ವರ್ಷದ ಅಪ್ರೈಸಲ್‌ನಲ್ಲಿ ಅದು ಕಾಣಿಸಿಕೊಂಡಿತು. ಹೆಚ್ಚೇನೂ ಆಗಲಿಲ್ಲ.

ಹುಡುಗಿಯನ್ನು ಕರೆಸಿ ಟಿಕ್ಕಿನ ವಿಷಯವನ್ನು ನಾನೇ ಹೇಳಿದೆ. ಕೇಳಿ ಅವಳಿಗೆ ಸಿಟ್ಟು ಬರಬಹುದೆಂದುಕೊಂಡಿದ್ದೆ. ಬರಬೇಕಿತ್ತು ಕೂಡ. ಅವಳು ಒಂದೇ ಮಾತು ಕೇಳಿದಳು: "ಅಂದ್ರ ನಂದು ತಪ್ಪಿಲ್ಲೇನ್ರಿ?" ಇಲ್ಲ ಅಂದೆ. ಆಗ ಅತ್ತಳು.

ಆ ಕಂಪನಿಯ ಕೆಲಸ ಹೋಗಿಯೇ ಹೋಯಿತು. ಅಷ್ಟರಲ್ಲಿ ಆ ಜಾಗ ತುಂಬಿತ್ತು. ಆದರೆ ಹೊಸ ವರದಿ ನೋಡಿ ಪ್ಲೇಸ್‌ಮೆಂಟ್ ಸೆಲ್ಲಿನವರು ನಿಯಮ ಸಡಿಲಿಸಿದರು. ಮಾರ್ಚ್‌ನಲ್ಲಿ ಬೇರೆ ಕಂಪನಿಯಲ್ಲಿ, ಸಂಬಳ ತುಸು ಕಡಿಮೆಯಾದರೂ, ಕೆಲಸ ಸಿಕ್ಕಿತು. ಈಗ ಹೈದರಾಬಾದಿನಲ್ಲಿದ್ದಾಳೆ. ಒಳನುಗ್ಗಿದ್ದು ಯಾರೆಂದೂ ತಿಳಿಯಿತು. ಅದು ಶಿಸ್ತು ಸಮಿತಿಗೆ ಸೇರಿದ ವಿಷಯ. ಒಂದೇ ತಾಟಿನಲ್ಲಿ ಉಂಡವರು ಎಂದಷ್ಟು ಹೇಳಿದರೆ ಸಾಕು.

ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗೆ ಅಂದರೂ ಸರಿ, ಬಾಗಿಲು ಹಾಕಿದೆವು. ಮಕ್ಕಳು ಹೊರಗೆ ಓದುತ್ತಿರುವ ಮನೆಗಳು ನಮ್ಮಲ್ಲಿ ಬಹಳ ಇರುವುದರಿಂದ ಕೆಲವನ್ನು ಹೇಳುತ್ತೇನೆ.

ಮೊದಲನೆಯದು, ಸೂತ್ರದ ಪಾಸ್‌ವರ್ಡ್ ಹೋಯಿತು. ಈಗ ಮಗುವೇ ಕಿಟಕಿಯಲ್ಲಿ ಗುರುತಿನ ಚೀಟಿ ತೋರಿಸಿ, ಅಲ್ಲೇ ತನ್ನ ಪಾಸ್‌ವರ್ಡ್ ಇಟ್ಟುಕೊಳ್ಳುತ್ತದೆ. ಹೇಗಿರಬೇಕು ಅಂದರೆ ಸಂಬಂಧವಿಲ್ಲದ ನಾಲ್ಕು ಮಾತು ಸೇರಿಸು ಅನ್ನುತ್ತೇವೆ. ಬುಗುರಿ, ಮೆಂತ್ಯ, ಪಡಸಾಲೆ, ಗುಡುಗು ಎಂಬ ಹಾಗೆ, ಇಂಗ್ಲಿಷ್ ಅಕ್ಷರದಲ್ಲಿ. (ಇದನ್ನೇ ಇಟ್ಟುಕೊಳ್ಳಬೇಡಿ, ಈಗ ಇದು ಊರಿಗೆಲ್ಲ ಗೊತ್ತಾಯಿತು.) ಮನಸ್ಸಿಗೆ ಬಂದದ್ದನ್ನು ಆರಿಸಿದರೆ ಎಲ್ಲರಿಗೂ ಒಂದೇ ಥರದ ಮಾತು ಬರುತ್ತದೆ. ಅದಕ್ಕೇ ನಿಘಂಟನ್ನು ಕಣ್ಣು ಮುಚ್ಚಿ ತೆರೆಯಬೇಕು, ಇಲ್ಲವೇ ದಾಳ ಹಾಕಬೇಕು. ಐದು ಸಲ ದಾಳ ಹಾಕಿ ಒಂದು ಪದ ಆರಿಸುವ 7,776 ಪದಗಳ ಪಟ್ಟಿಗಳಿವೆ. ಹಾಗೆ ನಾಲ್ಕು ಪದ ಆರಿಸಿದರೆ ಸುಮಾರು 3,600 ಲಕ್ಷ ಕೋಟಿ ಸಾಧ್ಯತೆಗಳಾಗುತ್ತವೆ. ನನ್ನ ಸೂತ್ರದ 1,461 ಎಲ್ಲಿ, ಇದೆಲ್ಲಿ!

ಎರಡನೆಯದು, 90 ದಿನಕ್ಕೊಮ್ಮೆ ಬದಲಿಸಿ ಎಂದು ಕಾಡುವುದನ್ನು ಬಿಟ್ಟೆವು. ಆ ಸಲಹೆಯ ಹಿಂದೆ ಇದ್ದ 2003ರ ಅಮೆರಿಕದ ಮಾರ್ಗಸೂಚಿಯನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ ಅದಕ್ಕಾಗಿ ವಿಷಾದ ಹೇಳಿಕೊಂಡರು. ಜನ ಬೇಸತ್ತು ಕೊನೆಯ 1ನ್ನು 2 ಮಾಡುತ್ತಾರೆ, ಅಷ್ಟೇ. ಅದೇ ವರ್ಷ ಬಂದ ಹೊಸ ಮಾರ್ಗಸೂಚಿ, ಕದ್ದುಹೋದ ಸುಳಿವಿದ್ದರೆ ಮಾತ್ರ ಬದಲಿಸಲು ಹೇಳಿ ಅನ್ನುತ್ತದೆ. ಅದಕ್ಕಿಂತ ಮುಖ್ಯವಾದದ್ದು ಒಂದು ಕಡೆ ಬಳಸಿದ್ದನ್ನು ಇನ್ನೊಂದು ಕಡೆ ಬಳಸದಿರುವುದು. ಯಾವುದೋ ಆಟದ ಜಾಲತಾಣದಿಂದ ಕಳುವಾದ ಪಾಸ್‌ವರ್ಡನ್ನು ಕಳ್ಳರು ಮೇಲ್‌ಗೂ ಹಾಕಿ ನೋಡುತ್ತಾರೆ.

ಮೂರನೆಯದು ಎರಡನೆಯ ಕೀಲಿ. ಫೋನಿನಲ್ಲಿ ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಆರು ಅಂಕಿಯ ಆ್ಯಪ್ ಹಾಕಿಸುತ್ತೇವೆ. ಫೋನ್ ಕಳೆದರೆ ಬೇಕಾಗುವ ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಮುದ್ರಿಸಿ, ಅಂಕಪಟ್ಟಿ ಇಡುವ ಫೈಲಿನಲ್ಲಿ ಇಟ್ಟುಕೊಳ್ಳಲು ಹೇಳುತ್ತೇವೆ. ಇದೂ ಪೂರ್ತಿ ಭದ್ರವಲ್ಲ. ನಮ್ಮ ಲಾಗಿನ್ ಪುಟದಂತೆಯೇ ಕಾಣುವ ಸುಳ್ಳು ಪುಟ ಮಾಡಿ, ನೀವು ಹಾಕಿದ ಆರು ಅಂಕಿಯನ್ನು ಆ ಕ್ಷಣವೇ ನಿಜವಾದ ಪುಟಕ್ಕೆ ಹಾಕುವ ಕಳ್ಳರಿದ್ದಾರೆ. ಅದಕ್ಕೆ ಈಗ ಪಾಸ್‌ಕೀ ಬಂದಿದೆ. ಅದು ತಾನು ಹುಟ್ಟಿದ ಜಾಲತಾಣದ ಹೆಸರಿಗೆ ಕಟ್ಟಿಕೊಂಡಿರುತ್ತದೆ. ಸುಳ್ಳು ಪುಟಕ್ಕೆ ನೀವು ಮೋಸ ಹೋದರೂ ಅದು ಹೋಗುವುದಿಲ್ಲ. ಸಿಗುವ ಕಡೆ ಅದನ್ನೇ ಬಳಸಿ.

ನಾಲ್ಕನೆಯದು ನಮ್ಮಂಥ ಊರು ಬಿಟ್ಟವರಿಗೇ ಸಂಬಂಧಿಸಿದ್ದು. ಪುಣೆಗೆ ಬಂದ ಮಕ್ಕಳು ಹೊಸ ಸಿಮ್ ತೆಗೆದುಕೊಂಡು, ಕರ್ನಾಟಕದ ನಂಬರಿಗೆ ರೀಚಾರ್ಜ್ ಹಾಕುವುದನ್ನು ಬಿಡುತ್ತಾರೆ. ಬಂದ್ ಆದ ನಂಬರ್ 90 ದಿನ ಕಳೆದ ಮೇಲೆ ಬೇರೆಯವರಿಗೆ ಹೋಗಬಹುದು. ಬ್ಯಾಂಕು, ಆಧಾರ್, ಮೇಲ್ ಎಲ್ಲಕ್ಕೂ ಆ ಹಳೆಯ ನಂಬರೇ ಇದ್ದರೆ, ಒಟಿಪಿ ಯಾರೋ ಅಪರಿಚಿತರ ಕೈಗೆ ಹೋಗುತ್ತದೆ. 2015ರ ಜುಲೈನಿಂದ ರಾಜ್ಯ ಬದಲಾದರೂ ಅದೇ ನಂಬರ್ ಇಟ್ಟುಕೊಂಡು ಕಂಪನಿ ಬದಲಿಸಬಹುದು. ಇಟ್ಟುಕೊಳ್ಳಲಿ. ಬಿಡುವುದೇ ಆದರೆ ಎಲ್ಲ ಕಡೆ ನಂಬರ್ ಬದಲಿಸಿ ಆಮೇಲೆ ಬಿಡಲಿ.

ಐದನೆಯದು, ಓದು ಮುಗಿಸಿ ಹೋದವರ ಖಾತೆಗಳನ್ನು ಆರು ತಿಂಗಳ ಮುನ್ಸೂಚನೆ ಕೊಟ್ಟು ಮುಚ್ಚುತ್ತೇವೆ. ಮಕ್ಕಳಿಗೆ ಇದು ಬೇಸರ ತರುತ್ತದೆ. ಆದರೆ ಮನೆಯವರಿಲ್ಲದ ಮನೆಗೇ ಕಳ್ಳ ಮೊದಲು ಹೋಗುವುದು. 1986ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳ ವಿಜ್ಞಾನಿ ಕಂಪ್ಯೂಟರ್ ಬಾಡಿಗೆಯ ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಯಾಕೆ ಬಂತೆಂದು ಹುಡುಕುತ್ತ ಹೊರಟ. ಕೊನೆಗೆ ಸಿಕ್ಕಿದ್ದು ಜರ್ಮನಿಯಿಂದ ನುಗ್ಗುತ್ತಿದ್ದ ಬೇಹುಗಾರ. ಅವನು ಬಳಸುತ್ತಿದ್ದ ಖಾತೆಗಳಲ್ಲಿ ಒಂದು, ಪ್ರಯೋಗಾಲಯ ಬಿಟ್ಟು ಇಂಗ್ಲೆಂಡಿಗೆ ಹೋಗಿದ್ದವರದು. ಹಾಗಾಗಿ ನಿಮ್ಮ ಮಕ್ಕಳು ಬ್ಯಾಂಕಿಗೋ ಕೆಲಸದ ಅರ್ಜಿಗೋ ಕಾಲೇಜಿನ ಮೇಲ್ ಕೊಟ್ಟಿದ್ದರೆ ಕೊನೆಯ ಸೆಮಿಸ್ಟರಿನಲ್ಲೇ ಸ್ವಂತ ಮೇಲ್‌ಗೆ ಬದಲಿಸಿಕೊಳ್ಳಲಿ.

ಕೊನೆಯದು ತಂತ್ರಜ್ಞಾನವಲ್ಲ. ಕಿಟಕಿಯ ಒಳಗಡೆ, ನಮಗೆ ಮಾತ್ರ ಕಾಣುವ ಹಾಗೆ, ಒಂದು ಚೀಟಿ ಅಂಟಿಸಿದ್ದೇವೆ. ಮರಾಠಿಯಲ್ಲಿದೆ. ಕನ್ನಡದಲ್ಲಿ ಹೇಳುವುದಾದರೆ: ಮೊದಲು ಹೇಳಬೇಕಾದ ಮಾತು, ಬಂದು ಹೇಳಿದ್ದು ಒಳ್ಳೆಯದಾಯಿತು. ತಪ್ಪಾದ ಲಿಂಕ್ ಒತ್ತಿದೆ, ಒಟಿಪಿ ಕೊಟ್ಟೆ, ಇಂಟರ್ನ್‌ಶಿಪ್ ಕೊಡುತ್ತೇವೆ ಅಂದವರಿಗೆ ಎರಡು ಸಾವಿರ ಹಾಕಿದೆ ಎಂದು ಯಾರೇ ಬಂದರೂ ಮೊದಲು ಆ ಮಾತು, ಆಮೇಲೆ ಕೆಲಸ. ಮೊದಲು ವಾರ ಕಳೆದು ಬರುತ್ತಿದ್ದವರು ಈಗ ಅದೇ ದಿನ ಬರುತ್ತಾರೆ. ಹೋದ ತಿಂಗಳು ಒಬ್ಬ ಹುಡುಗ, ಮೇಲ್ ಪೆಟ್ಟಿಗೆ ತುಂಬಿದೆ ಎಂಬ ಸುಳ್ಳು ಮೇಲ್ ಒತ್ತಿ, ಹತ್ತು ನಿಮಿಷಕ್ಕೆ ಓಡುತ್ತ ಬಂದ. ಅವನ ಖಾತೆಯೂ ಉಳಿಯಿತು, ಅದೇ ಮೇಲ್ ಬಂದಿದ್ದ ಉಳಿದವರದ್ದೂ ಉಳಿಯಿತು.

ಅವ್ವನಿಗೂ ಹಾಗೇ ಹೇಳಿದ್ದೇನೆ. ಯಾರೇ ಫೋನ್ ಮಾಡಿ ಅಂಕಿ ಕೇಳಿದರೂ, ಮಗಳನ್ನು ಕೇಳಿ ಹೇಳುತ್ತೇನೆ ಅಂದು ಇಟ್ಟುಬಿಡು, ಕೊಟ್ಟುಬಿಟ್ಟಿದ್ದರೂ ನನಗೆ ಹೇಳು, ನಾನು ಬೈಯುವುದಿಲ್ಲ. ಈಗ ವಾರಕ್ಕೊಮ್ಮೆ ಫೋನ್ ಬರುತ್ತದೆ. "ಇವತ್ತೊಬ್ಬಾಂವ ಕರೆಂಟ್ ತಗೀತೇನಿ ಅಂದ. ತಗೀಯಪ್ಪಾ, ಬ್ಯಾಸಗಿ ಮುಗೀತು ಅಂದ್ಯಾ" ಅಂತ ನಗುತ್ತಾಳೆ. 9,500 ರೂಪಾಯಿ ಮಾತ್ರ ಬರಲಿಲ್ಲ.

ಇನ್ನು ಆ ಸಿಂದಗಿ ಕಡೆಯ ಹುಡುಗ. ಅಣ್ಣ ಸ್ಪೀಕರಿನಲ್ಲಿ ಪಾಸ್‌ವರ್ಡ್ ಓದಿ ಮುಗಿಸಿದ ಮೇಲೆ, ಅವನನ್ನು ಒಳಗೆ ಕರೆದು ಕೂರಿಸಿ, "ಬಂದು ಹೇಳಿದ್ದು ಛಲೋ ಆತು" ಅಂದೆ. ಅವನಿಗೆ ತಾನೇನು ಹೇಳಿದೆ ಎಂದು ಅರ್ಥವಾಗಲಿಲ್ಲ. ಅಣ್ಣನ ಮೇಲ್ ಐಡಿ ತೆಗೆಸಿ ಅವನದೇ ಹಾಕಿಸಿದೆ. ಫೋನ್ ನಂಬರ್ ಅಣ್ಣನದಿತ್ತು, ಅದನ್ನೂ ಬದಲಿಸಿದೆವು. ಹಳೆಯ ನಿಘಂಟು ಕೊಟ್ಟೆ. ಕಣ್ಣು ಮುಚ್ಚಿ ನಾಲ್ಕು ಸಲ ತೆರೆದ. ಏನು ಬಂತೆಂದು ನನಗೆ ಹೇಳಲು ಬಂದ.

"ನನಗೂ ಹೇಳಬ್ಯಾಡ," ಅಂದೆ.

"ನಿಮಗೂ ಬ್ಯಾಡೇನ್ರಿ?"

"ನನಗೂ ಬ್ಯಾಡ."

ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತು ಊರಿಗೆ ಫೋನ್ ಹಚ್ಚಿದ. ಈ ಸಲ ಸ್ಪೀಕರ್ ಹಾಕಿರಲಿಲ್ಲ. ಆದರೂ ಅವನ ದನಿ ಕಿಟಕಿಯವರೆಗೆ ಕೇಳಿಸಿತು.

"ಅಣ್ಣಾ, ಸಿಟ್ಟಾಗಬ್ಯಾಡ. ನಿನ್ನ ಪುಸ್ತಕದಾಗ ನನ್ನ ಸಾಲಿನ ಮ್ಯಾಲ ಗೀಟ ಹೊಡದಬಿಡು. ಇನ್ನ ನಾನs ಇಟ್ಕೋತೀನಿ."